ಉದ್ಯೋಗದ ಬಾಗಿಲಲ್ಲಿ ಯಂತ್ರ

ಅರ್ಜಿ ಹಾಕಿದವನಿಗೆ ಕೆಲಸ ಕೊಡುವುದೂ ಬಿಡುವುದೂ ಧಣಿಯ ಅಧಿಕಾರ. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬಂದ ಅರ್ಜಿಯನ್ನು ಓದಿ ನೋಡುವುದು ಅವನ ಧರ್ಮ. ಈ ಧರ್ಮವನ್ನು ದೊಡ್ಡ ಕಂಪನಿಗಳು ಈಗ ಯಂತ್ರಕ್ಕೆ ಒಪ್ಪಿಸುತ್ತಲಿವೆ. ಒಂದೊಂದು ಹುದ್ದೆಗೆ ಸಾವಿರಗಟ್ಟಲೆ ಅರ್ಜಿಗಳು ಬರುವುದರಿಂದ ಮೊದಲನೆಯ ಜರಡಿಯನ್ನು ಕಂಪ್ಯೂಟರು ಹಿಡಿಯುತ್ತದೆ. ಅರ್ಜಿಯಲ್ಲಿಯ ಶಬ್ದಗಳನ್ನು ಹುದ್ದೆಯ ವಿವರಣೆಯೊಡನೆ ತಾಳೆ ನೋಡಿ ಅದು ಅಂಕ ಹಾಕುವುದು. ಅಂಕ ಕಡಿಮೆಯಾದವನ ಅರ್ಜಿ ಮನುಷ್ಯನ ಕಣ್ಣಿಗೆ ಬೀಳದೆಯೇ ಉಳಿದುಹೋಗಬಹುದು. ಏಕೆ ಬೇಡವಾದೆನೆಂಬುದು ಅವನಿಗೆ ತಿಳಿಯುವುದೇ ಇಲ್ಲ.

ಇದರಿಂದ ರಾಯಚೂರು ಸೀಮೆಯ ತರುಣರಿಗೆ ಒದಗುವ ತೊಂದರೆ ವಿಶೇಷ ಬಗೆಯದು. ಮಾನ್ವಿಯ ಅಕ್ಕಿಗಿರಣಿಯಲ್ಲಿ ಐದು ವರುಷ ಲೆಕ್ಕ ಬರೆದವನ ಅನುಭವ ಸುಳ್ಳಲ್ಲ. ಆದರೆ ಕಂಪನಿ ಬಯಸಿದ ಇಂಗ್ಲಿಷ್ ಶಬ್ದ ಅವನ ಅರ್ಜಿಯಲ್ಲಿ ಇಲ್ಲದಿದ್ದರೆ ಯಂತ್ರದ ಪಾಲಿಗೆ ಆ ಐದು ವರುಷಗಳು ಇಲ್ಲದಂತೆಯೇ ಸರಿ. ಊರುಗಳ ಹೆಸರನ್ನೇ ನೋಡಿರಿ. ಮಾನ್ವಿಯನ್ನು ಇಂಗ್ಲಿಷಿನಲ್ಲಿ ಕೆಲವರು ‘ವಿ’ ಅಕ್ಷರದಿಂದ ಬರೆದರೆ ಕೆಲವರು ‘ಡಬ್ಲ್ಯು’ ಹಾಕುವರು. ದೇವದುರ್ಗವು ಹಳೆಯ ಕಾಗದಗಳಲ್ಲಿ ‘ದಿಯೋದುರ್ಗ್’ ಆಗಿದೆ. ಬಸವರಾಜನೆಂಬವನ ಹೆಸರು ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ. 2014ರಲ್ಲಿ ಗುಲಬರ್ಗಾ ನಗರವು ಕಲಬುರಗಿಯಾಯಿತು. ವಿಶ್ವವಿದ್ಯಾಲಯ ಮಾತ್ರ ಗುಲಬರ್ಗಾ ಹೆಸರಿನಲ್ಲಿಯೇ ಉಳಿಯಿತು. ಕಚೇರಿಯ ಗುಮಾಸ್ತನು ಇದನ್ನೆಲ್ಲ ನೋಡಿದೊಡನೆ ಅರಿಯಬಲ್ಲನು. ಅಕ್ಷರಕ್ಕೆ ಅಕ್ಷರ ತಾಳೆ ನೋಡುವ ಯಂತ್ರಕ್ಕೆ ಎರಡು ಬರಹಗಳೆಂದರೆ ಇಬ್ಬರು ಮನುಷ್ಯರು.

ಯಂತ್ರಕ್ಕೆ ಪಕ್ಷಪಾತವಿಲ್ಲವೆಂದು ವಾದಿಸುವವರುಂಟು. ಅಮೆಜಾನ್ ಕಂಪನಿ 2014ರಿಂದ ಇಂಥದೊಂದು ಯಂತ್ರವನ್ನು ಸಿದ್ಧಪಡಿಸಿತ್ತು. ಹತ್ತು ವರುಷಗಳ ಹಳೆಯ ಅರ್ಜಿಗಳಿಂದ ಅದಕ್ಕೆ ಪಾಠ ಹೇಳಲಾಗಿತ್ತು. ಅವುಗಳಲ್ಲಿ ಹೆಚ್ಚಿನವು ಗಂಡಸರವಾಗಿದ್ದುದರಿಂದ, ಸ್ತ್ರೀಯರೆಂಬ ಸೂಚನೆಯುಳ್ಳ ಅರ್ಜಿಗಳಿಗೆ ಅದು ಅಂಕ ಕಡಿಮೆ ಮಾಡತೊಡಗಿತು. ಕಂಪನಿಯು ಆ ಪ್ರಯತ್ನವನ್ನು ಕೈಬಿಟ್ಟ ಸಂಗತಿ 2018ರಲ್ಲಿ ಹೊರಬಿದ್ದಿತು. ಹಿಂದಿನವರ ಒಲವು ಯಾವುದೋ ಯಂತ್ರದ ಒಲವೂ ಅದೇ.

ಹಾಗಾದರೆ ಮನುಷ್ಯರ ಕೈಯ ಆಯ್ಕೆ ಪರಿಶುದ್ಧವೇ? ಅಲ್ಲ. ವಶೀಲಿಯ ಕಾಟವನ್ನು ಅನುಭವಿಸದ ಊರು ಯಾವುದು? 545 ಪಿ.ಎಸ್.ಐ. ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆಯ ಅಕ್ರಮಗಳು ಬಯಲಾಗಿ ಸರಕಾರವು 2022ರಲ್ಲಿ ಅದನ್ನು ರದ್ದುಗೊಳಿಸಬೇಕಾಯಿತು. 2024ರ ಆಗಸ್ಟ್ 27ರಂದು ಲೋಕಸೇವಾ ಆಯೋಗವು 384 ಹುದ್ದೆಗಳಿಗಾಗಿ ನಡೆಸಿದ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಅನುವಾದ ಕೆಟ್ಟಿತ್ತು. ಅಭ್ಯರ್ಥಿಗಳು ಕೂಗೆಬ್ಬಿಸಿದ್ದರಿಂದ ಡಿಸೆಂಬರ್ 29ರಂದು ಮರುಪರೀಕ್ಷೆಯಾಯಿತು. ಆದರೆ ಗಮನಿಸಿರಿ: ಅಲ್ಲಿ ತಪ್ಪು ಕಣ್ಣಿಗೆ ಕಂಡಿತು, ಪ್ರಶ್ನೆಪತ್ರಿಕೆ ಕೈಯಲ್ಲಿತ್ತು, ಕೇಳಲು ಒಂದು ಕಚೇರಿಯೂ ಇತ್ತು. ಯಂತ್ರದ ಜರಡಿಯಲ್ಲಿ ಬಿದ್ದುಹೋದ ದೇವದುರ್ಗದ ತರುಣನು ಏನನ್ನು ಹಿಡಿದು ಯಾರನ್ನು ಕೇಳಬೇಕು?

1948ರ ವರೆಗೆ ಉರ್ದು ಬಾರದವನಿಗೆ ಸರಕಾರಿ ಕಚೇರಿಯ ಬಾಗಿಲು ಹೇಗಿತ್ತೆಂಬುದನ್ನು ನಮ್ಮ ಸೀಮೆ ಮರೆತಿಲ್ಲ. ಬಹುಕಾಲದ ಹೋರಾಟದ ಫಲವಾಗಿ ಸಂವಿಧಾನದಲ್ಲಿ 371(ಜೆ) ವಿಧಿ ಸೇರಿ, 2013ರಿಂದ ರಾಜ್ಯ ಸರಕಾರದ ನೌಕರಿಗಳಲ್ಲಿ ಈ ಪ್ರದೇಶಕ್ಕೆ ಪಾಲು ದೊರೆಯಿತು. ಖಾಸಗಿ ಕಂಪನಿಯ ಯಂತ್ರಕ್ಕೆ ಆ ವಿಧಿಯ ಹಂಗಿಲ್ಲ.

ಅನ್ಯ ದೇಶಗಳು ಸುಮ್ಮನೆ ಕುಳಿತಿಲ್ಲ. ನ್ಯೂಯಾರ್ಕ್ ನಗರದಲ್ಲಿ ಇಂಥ ಯಂತ್ರಗಳ ಪಕ್ಷಪಾತವನ್ನು ವರುಷಕ್ಕೊಮ್ಮೆ ಹೊರಗಿನವರಿಂದ ತಪಾಸಣೆ ಮಾಡಿಸಬೇಕೆಂಬ ಕಟ್ಟಳೆ 2023ರ ಜುಲೈಯಿಂದ ಜಾರಿಯಲ್ಲಿದೆ. ಯುರೋಪಿನ ಒಕ್ಕೂಟವು 2024ರ ಕಾಯಿದೆಯಲ್ಲಿ ಇವುಗಳನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದೆ. ನಮ್ಮ ದೇಶದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಮಾಹಿತಿ ನಿಖರವಾಗಿರಬೇಕೆಂದು ಹೇಳಿತೇ ಹೊರತು, ಅರ್ಜಿಯನ್ನು ತಳ್ಳಿಹಾಕಿದ ಕಾರಣವನ್ನು ತಿಳಿಸಬೇಕೆಂದು ವಿಧಿಸಲಿಲ್ಲ.

ಯಂತ್ರವನ್ನು ಒಡೆದುಹಾಕಿರೆಂದು ನಾವು ಹೇಳುತ್ತಿಲ್ಲ. ನಾವು ಕೇಳುವುದು ಮೂರೇ ಮಾತು: ಆಯ್ಕೆಗೆ ಯಂತ್ರವನ್ನು ಬಳಸುವವರು ಅದನ್ನು ಮೊದಲೇ ಸಾರಲಿ, ತಿರಸ್ಕೃತನಾದವನಿಗೆ ಅದರ ಕಾರಣವನ್ನು ಕನ್ನಡದಲ್ಲಿ ತಿಳಿಸಲಿ, ಅವನು ಬೇಡಿದರೆ ಒಬ್ಬ ಮನುಷ್ಯನು ಆ ಅರ್ಜಿಯನ್ನು ಮತ್ತೊಮ್ಮೆ ಓದಲಿ. ಕಾರ್ಮಿಕ ಇಲಾಖೆಯವರೂ ನಮ್ಮ ಶಾಸಕರೂ ಇದನ್ನು ಕಾಯಿದೆಯ ರೂಪಕ್ಕೆ ತರುವುದು ಅವಶ್ಯ. ಕೆಲಸ ಸಿಕ್ಕದಿದ್ದುದನ್ನು ತರುಣನು ಸಹಿಸಿಯಾನು. ತನ್ನ ಅರ್ಜಿಯನ್ನು ಯಾರೂ ಓದಲೇ ಇಲ್ಲವೆಂಬುದನ್ನು ಏಕೆ ಸಹಿಸಬೇಕು?