ನಿಮಗಿದು ಗೊತ್ತೇ? ಸರ್ಕಾರಕ್ಕೂ ಒಬ್ಬ ವಕೀಲರಿದ್ದಾರೆ!

ಹಾನುಬಾಳಿನ ತೋಟಕ್ಕೆ ಆನೆ ನುಗ್ಗಿದ ವಿಷಯ ಹೈಕೋರ್ಟಿಗೆ ಹೋಗಲಿ, ಸಕಲೇಶಪುರ ದಾಟಿ ಹರಿಯುವ ಹೇಮಾವತಿಯ ನೀರಿನ ಲೆಕ್ಕ ದೆಹಲಿಗೆ ಹೋಗಲಿ, ಅಲ್ಲಿ ಸರ್ಕಾರದ ನಿಲುವು ಏನೆಂದು ಹೇಳುವ ಹೊಣೆ ರಾಜ್ಯದ ಅಡ್ವೊಕೇಟ್ ಜನರಲ್ ಅವರದು. ಕೋರ್ಟಿನ ಆವರಣದಲ್ಲಿ ಎಲ್ಲರೂ ಕರೆಯುವುದು ‘ಎಜಿ’ ಎಂದೇ. ಈ ಹುದ್ದೆಯ ಸುತ್ತ ಒಂದಿಷ್ಟು ಸಂಗತಿಗಳು ಇಲ್ಲಿವೆ.

● ಸಂವಿಧಾನದ 165ನೇ ವಿಧಿಯ ಪ್ರಕಾರ ಎಜಿಯನ್ನು ನೇಮಿಸುವವರು ರಾಜ್ಯಪಾಲರು. ಹೆಸರು ಆರಿಸುವುದು ಮಾತ್ರ ಅಧಿಕಾರದಲ್ಲಿರುವ ಸರ್ಕಾರ. ಹೈಕೋರ್ಟ್ ನ್ಯಾಯಮೂರ್ತಿಯಾಗುವ ಅರ್ಹತೆ ಇರಬೇಕು. ಅಂದರೆ, ವಕೀಲರಾದರೆ ಹೈಕೋರ್ಟಿನಲ್ಲಿ ಕನಿಷ್ಠ 10 ವರ್ಷ ವಕೀಲಿಕೆ ಮಾಡಿರಬೇಕು.

● ಈ ಹುದ್ದೆಗೆ ಇಂತಿಷ್ಟು ವರ್ಷ ಎಂಬ ಅವಧಿಯೇ ಇಲ್ಲ. ಸರ್ಕಾರ ಬದಲಾದರೆ ಎಜಿ ರಾಜೀನಾಮೆ ಕೊಡುವುದು ರೂಢಿ. 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾದಾಗ ಪ್ರಭುಲಿಂಗ ಕೆ. ನಾವದಗಿ ಅವರ ಜಾಗಕ್ಕೆ ಕೆ. ಶಶಿಕಿರಣ್ ಶೆಟ್ಟಿ ಬಂದರು.

● ಹೈಕೋರ್ಟ್ ನ್ಯಾಯಮೂರ್ತಿ 62ಕ್ಕೆ ನಿವೃತ್ತರಾಗಬೇಕು, ಎಜಿಗೆ ಆ ಮಿತಿ ಇಲ್ಲ. ಉತ್ತರಾಖಂಡದಲ್ಲಿ 62 ದಾಟಿದವರನ್ನು ಎಜಿ ಮಾಡಿದ್ದನ್ನು ಪ್ರಶ್ನಿಸಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. 2010ರಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯನ್ನು ತಳ್ಳಿಹಾಕಿದ್ದಲ್ಲದೆ, ಅರ್ಜಿದಾರರಿಗೆ ಒಂದು ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಇಂಥ ಅರ್ಜಿಗಳು ದುರ್ಬಳಕೆಯಾಗದಂತೆ ಹೈಕೋರ್ಟುಗಳಿಗೆ ಮಾರ್ಗಸೂಚಿ ಕೊಟ್ಟದ್ದೂ ಅದೇ ತೀರ್ಪಿನಲ್ಲಿ.

● ಚುನಾವಣೆಗೆ ನಿಲ್ಲದೆಯೂ ಎಜಿ ವಿಧಾನಸಭೆ, ವಿಧಾನ ಪರಿಷತ್ತು ಎರಡರಲ್ಲೂ ಎದ್ದು ಮಾತನಾಡಬಹುದು. 177ನೇ ವಿಧಿ ಕೊಟ್ಟ ಹಕ್ಕು ಅದು. ಮತ ಹಾಕುವಂತಿಲ್ಲ, ಅಷ್ಟೆ. ಸದನದಲ್ಲಿ ಆಡಿದ ಮಾತಿಗೆ ಶಾಸಕರಿಗಿರುವ ರಕ್ಷಣೆಯೇ ಅವರಿಗೂ ಇದೆ.

● ಆನೆಗಳ ವಿಷಯವನ್ನು 2008ರಲ್ಲಿ ಕರ್ನಾಟಕ ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಅದರ ನಿರ್ದೇಶನದಂತೆ ರಚನೆಯಾದ ಆನೆ ಕಾರ್ಯಪಡೆ, ಪ್ರೊ. ರಾಮನ್ ಸುಕುಮಾರ್ ನೇತೃತ್ವದಲ್ಲಿ 2012ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಆಲೂರು–ಸಕಲೇಶಪುರ ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಅದರಲ್ಲಿತ್ತು. ಆಮೇಲೆ ಈ ಸೀಮೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಇಂಥ ಪ್ರಕರಣಗಳಲ್ಲಿ ಅರಣ್ಯ ಇಲಾಖೆಯ ಉತ್ತರ ಹೈಕೋರ್ಟಿಗೆ ತಲುಪುವುದು ಎಜಿ ಕಚೇರಿಯ ಮೂಲಕವೇ.

● ರಾಜ್ಯದ ದೊಡ್ಡ ಕೇಸುಗಳನ್ನೆಲ್ಲ ಎಜಿಯೇ ವಾದಿಸಬೇಕೆಂದಿಲ್ಲ. ಕಾವೇರಿ ವಿವಾದದಲ್ಲಿ ಕರ್ನಾಟಕದ ಪರ ದಶಕಗಳ ಕಾಲ ವಾದಿಸಿದವರು ಫಾಲಿ ನಾರಿಮನ್. 2016ರ ಸೆಪ್ಟೆಂಬರ್ 30ರಂದು, ನೀರು ಬಿಡಬೇಕೆಂಬ ಆದೇಶ ಪಾಲಿಸದ ಸರ್ಕಾರದ ಪರ ಇನ್ನು ವಾದಿಸಲಾರೆ ಎಂದು ಸುಪ್ರೀಂ ಕೋರ್ಟಿಗೇ ತಿಳಿಸಿಬಿಟ್ಟರು. ವಕೀಲರು ಸರ್ಕಾರದ ಪರವೇ ಆದರೂ ಮೊದಲು ಕೋರ್ಟಿನ ಅಧಿಕಾರಿ ಎಂಬುದು ಆ ದಿನ ಎಲ್ಲರಿಗೂ ಕಂಡಿತು. 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಕರ್ನಾಟಕ ತಮಿಳುನಾಡಿಗೆ ಬಿಡಬೇಕಾದ ನೀರು 192 ಟಿಎಂಸಿಯಿಂದ 177.25ಕ್ಕೆ ಇಳಿಯಿತು.

● ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಕೇರಳ ಸರ್ಕಾರದ ವಿರುದ್ಧ ಹೂಡಿದ ಕೇಸು ದೇಶಕ್ಕೇ ಗೊತ್ತು. ಅದರಲ್ಲಿ ಕೇರಳದ ಪರ ವಾದಿಸಿದ ಎಚ್.ಎಂ. ಸೀರವಾಯಿ ಆಗ ಎಜಿ ಆಗಿದ್ದದ್ದು ಮಹಾರಾಷ್ಟ್ರಕ್ಕೆ! 1957ರಿಂದ 1974ರವರೆಗೆ, 17 ವರ್ಷ, ಆ ಕುರ್ಚಿ ಅವರದೇ ಆಗಿತ್ತು. 13 ನ್ಯಾಯಮೂರ್ತಿಗಳ ಪೀಠದ ನೇತೃತ್ವ ವಹಿಸಿದ್ದ ಎಸ್.ಎಂ. ಸಿಕ್ರಿ ಕೂಡ ಹಿಂದೆ ಪಂಜಾಬಿನ ಎಜಿ. ವಕೀಲಿಕೆಯಿಂದ ನೇರವಾಗಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ ಮೊದಲಿಗರು ಅವರು.

● ಅದೇ ಪೀಠದಲ್ಲಿದ್ದ ಕರಾವಳಿಯ ಕೆ.ಎಸ್. ಹೆಗ್ಡೆ, 1973ರಲ್ಲಿ ಹಿರಿತನ ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟು ಹೊರಬಂದರು. ಮುಂದೆ ಲೋಕಸಭೆಯ ಸ್ಪೀಕರ್ ಆದರು. ಮಗ ಸಂತೋಷ್ ಹೆಗ್ಡೆ 1984ರಿಂದ 1988ರವರೆಗೆ ಕರ್ನಾಟಕದ ಎಜಿ, 1998ರಲ್ಲಿ ದೇಶದ ಸಾಲಿಸಿಟರ್ ಜನರಲ್. 1999ರ ಜನವರಿಯಲ್ಲಿ ಸಿಕ್ರಿಯವರಂತೆ ನೇರವಾಗಿ ಸುಪ್ರೀಂ ಕೋರ್ಟಿಗೆ. ಜನರ ನೆನಪಿನಲ್ಲಿ ಉಳಿದದ್ದು ಮಾತ್ರ 2011ರ ಗಣಿ ವರದಿಯ ಲೋಕಾಯುಕ್ತರಾಗಿ.

● ನಾಲ್ಕು ತಿಂಗಳೂ ತುಂಬದ ಎಜಿ ಒಬ್ಬರು ದೇಶದ ಮುಖ್ಯ ನ್ಯಾಯಮೂರ್ತಿ ಆದರು. ಪಾಂಡವಪುರ ತಾಲ್ಲೂಕಿನ ಎಂಗಲಗುಪ್ಪೆಯ ಇ.ಎಸ್. ವೆಂಕಟರಾಮಯ್ಯ 1970ರ ಮಾರ್ಚ್ 5ರಂದು ಅಂದಿನ ಮೈಸೂರು ರಾಜ್ಯದ ಎಜಿ ಆದರು. ಜೂನ್ ಮುಗಿಯುವಷ್ಟರಲ್ಲಿ ಹೈಕೋರ್ಟ್ ನ್ಯಾಯಮೂರ್ತಿ. 1989ರಲ್ಲಿ ಮುಖ್ಯ ನ್ಯಾಯಮೂರ್ತಿ. ಅವರ ಮಗಳು ಬಿ.ವಿ. ನಾಗರತ್ನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದದ್ದು 2021ರಲ್ಲಿ.

● ಒಂದು ಸಲ ಎಜಿ ಆಗುವುದೇ ಕಷ್ಟ. ಉಡುಪಿ ಕಡೆಯ ಬಿ.ವಿ. ಆಚಾರ್ಯ ಐದು ಸಲ ಆದರು. ಬೆಂಗಳೂರಿಗೆ ವರ್ಗವಾಗಿದ್ದ ಜಯಲಲಿತಾ ಆಸ್ತಿ ಪ್ರಕರಣದಲ್ಲಿ ವಿಶೇಷ ಸರ್ಕಾರಿ ಅಭಿಯೋಜಕರೂ ಅವರೇ. ಎರಡೂ ಹೊಣೆ ಒಬ್ಬರಲ್ಲೇ ಇರಬಹುದೇ ಎಂಬ ತಕರಾರು ಎದ್ದಾಗ, 2012ರ ಫೆಬ್ರುವರಿಯಲ್ಲಿ ಬಿಟ್ಟದ್ದು ಎಜಿ ಹುದ್ದೆಯನ್ನು!

● ಹಾಸನ ಜಿಲ್ಲೆಗೂ ಈ ಪಟ್ಟಿಯಲ್ಲಿ ಪಾಲಿದೆ. 2008ರಲ್ಲಿ ಬಂದ ಬಿಜೆಪಿ ಸರ್ಕಾರದ ಕಾಲದಲ್ಲಿ ಎಜಿ ಆಗಿದ್ದ ಅಶೋಕ್ ಹಾರನಹಳ್ಳಿ, ಮಾಜಿ ಸಚಿವ ಹಾರನಹಳ್ಳಿ ರಾಮಸ್ವಾಮಿ ಅವರ ಮಗ. ಹಾರನಹಳ್ಳಿ ಇರುವುದು ಅರಸೀಕೆರೆ ತಾಲ್ಲೂಕಿನಲ್ಲಿ.

● ಮಾಜಿ ಎಜಿ ಸರ್ಕಾರದ ವಿರುದ್ಧ ವಾದಿಸಲು ಅಡ್ಡಿಯಿಲ್ಲ. 2022ರ ಹಿಜಾಬ್ ಪ್ರಕರಣದಲ್ಲಿ ಹೈಕೋರ್ಟಿನ ಮುಂದೆ ಸರ್ಕಾರದ ಪರ ಎಜಿ ನಾವದಗಿ, ಅರ್ಜಿದಾರರ ಪರ ನಿಂತವರಲ್ಲಿ ಮಾಜಿ ಎಜಿ ರವಿವರ್ಮ ಕುಮಾರ್.

● ಯಾರೋ ಕೋರ್ಟಿಗೆ ಅಪಮಾನ ಮಾಡಿದರೆಂದು ನೀವು ನೇರವಾಗಿ ಹೈಕೋರ್ಟಿನಲ್ಲಿ ಕ್ರಿಮಿನಲ್ ನ್ಯಾಯಾಂಗ ನಿಂದನೆ ಅರ್ಜಿ ಹಾಕಲಾಗದು. 1971ರ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಮೊದಲು ಎಜಿಯ ಲಿಖಿತ ಒಪ್ಪಿಗೆ ಬೇಕು.

● ಪಲ್ಪಿಂಗ್ ಮಾಡಿದ ಕಾಫಿಯ ಕೊಳಕು ನೀರನ್ನು ಊರಿನ ಹಳ್ಳಕ್ಕೆ ಬಿಟ್ಟರೆ ಅದು ಸಾರ್ವಜನಿಕ ಉಪದ್ರವ. ಅದನ್ನು ತಡೆಯಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಸೆಕ್ಷನ್ ಅಡಿ ಎಜಿಯೇ ದಾವೆ ಹೂಡಬಹುದು. ಇಲ್ಲವೇ ಕೋರ್ಟಿನ ಅನುಮತಿ ಪಡೆದು ಇಬ್ಬರು ಊರಿನವರು ಸೇರಿದರೂ ಸಾಕು. ಧರ್ಮದತ್ತಿಯ ಹಣ ಹಾದಿ ತಪ್ಪಿದರೆ ಇಂಥದೇ ದಾರಿ 92ನೇ ಸೆಕ್ಷನ್ನಿನಲ್ಲಿದೆ.

● ರಾಜ್ಯ ವಕೀಲರ ಪರಿಷತ್ತಿಗೆ ವಕೀಲರೆಲ್ಲ ಓಟು ಕೇಳಿ ಗೆದ್ದು ಬರಬೇಕು, ಎಜಿ ಮಾತ್ರ ಹುದ್ದೆಯ ಬಲದಿಂದಲೇ ಸದಸ್ಯ.

● ಮದ್ರಾಸ್ ಪ್ರಾಂತ್ಯದಲ್ಲಿ ಈ ಕುರ್ಚಿ ಬಹುಕಾಲ ಬ್ರಿಟಿಷರದೇ ಆಗಿತ್ತು. 1897ರಲ್ಲಿ ಹಂಗಾಮಿಯಾಗಿ ಕೂತ ವಿ. ಭಾಷ್ಯಂ ಅಯ್ಯಂಗಾರ್ ಅಲ್ಲಿನ ಮೊದಲ ಭಾರತೀಯ. ಮಂಗಳೂರು, ಕಾಸರಗೋಡು ಆಗ ಅದೇ ಪ್ರಾಂತ್ಯದಲ್ಲಿದ್ದವು. 1929ರಿಂದ 1944ರವರೆಗೆ ಅಲ್ಲಿ ಎಜಿ ಆಗಿದ್ದ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಮುಂದೆ ಸಂವಿಧಾನದ ಕರಡು ಸಮಿತಿಯಲ್ಲೂ ಕೂತರು.

● ಅಮೆರಿಕದ 43 ರಾಜ್ಯಗಳಲ್ಲಿ ಇದಕ್ಕೆ ಸಮನಾದ ಅಟಾರ್ನಿ ಜನರಲ್‌ರನ್ನು ಜನರೇ ಓಟು ಹಾಕಿ ಆರಿಸುತ್ತಾರೆ. ಬಿಲ್ ಕ್ಲಿಂಟನ್ ಆರ್ಕನ್ಸಾದಲ್ಲಿ, ಕಮಲಾ ಹ್ಯಾರಿಸ್ ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಗೆದ್ದವರು. ಅಲ್ಲಿ ಅದು ರಾಜಕೀಯದ ಮೆಟ್ಟಿಲು. ನಮ್ಮಲ್ಲಿ ಎಜಿಗಳು ಹೆಚ್ಚಾಗಿ ಮರಳುವುದು ವಕೀಲಿಕೆಗೇ.

● ಹಾನುಬಾಳಿನವರು ಜಮೀನಿನ ವಿಷಯದಲ್ಲಿ ಸಕಲೇಶಪುರದ ಕೋರ್ಟಿನಲ್ಲಿ ಸರ್ಕಾರದ ಮೇಲೆ ದಾವೆ ಹೂಡಿದರೆ ಎದುರಿಗೆ ಬರುವವರು ಎಜಿ ಅಲ್ಲ, ಅಲ್ಲಿನ ಸರ್ಕಾರಿ ವಕೀಲರು. ಆದರೆ ದಾವೆಗೆ ಮುಂಚೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಸರ್ಕಾರಕ್ಕೆ ಕೊಡುವ ನೋಟಿಸನ್ನು ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ ತಲುಪಿಸಿದರಾಯಿತು. ಹೆಸರು, ವಿಳಾಸ, ತಕರಾರು ಏನು, ಬೇಕಾದ ಪರಿಹಾರ ಏನು, ಇಷ್ಟೂ ಅದರಲ್ಲಿರಲಿ. ತೀರಾ ತುರ್ತಾದರೆ ಕೋರ್ಟಿನ ಅನುಮತಿ ಪಡೆದು ನೋಟಿಸ್ ಇಲ್ಲದೆಯೂ ದಾವೆ ಹೂಡಬಹುದು.