ಚಿತ್ರದ ಅಂಚೇಕೆ ಮಸುಕು?

ತರಗತಿಯ ಸಮೂಹ ಛಾಯಾಚಿತ್ರದಲ್ಲಿ ನಡುವೆ ಕುಳಿತವರ ಮುಖಗಳು ಸ್ಪಷ್ಟವಾಗಿದ್ದು, ತುದಿಗಳಲ್ಲಿ ನಿಂತವರ ಮುಖಗಳು ಮಸುಕಾಗಿರುವುದನ್ನು ನೀವು ಗಮನಿಸಿರಬಹುದು. ಇಂಥ ಚಿತ್ರ ಕಂಡೊಡನೆ ಮಸೂರ ಕೆಟ್ಟಿದೆಯೆಂದು ಭಾವಿಸಿ, ಹಣ ತೆತ್ತು ದುರಸ್ತಿಗೆ ಕೊಡುವವರುಂಟು. ಆದರೆ ಅಂಚಿನ ಮಸುಕಿಗೆ ಮೂರು ಕಾರಣಗಳಿರಬಹುದು: ಮಸೂರಗಳಿಗೆ ಸಹಜವಾದ ವಿಪಥನ, ಮಸೂರದ ಜೋಡಣೆಯ ದೋಷ, ಇಲ್ಲವೇ ಕ್ಯಾಮೆರಾವನ್ನು ಓರೆಯಾಗಿ ಹಿಡಿದಿರುವುದು. ಇವುಗಳಲ್ಲಿ ಎರಡನೆಯದಕ್ಕೆ ಮಾತ್ರ ದುರಸ್ತಿ ಬೇಕು. ಇವನ್ನು ಬೇರ್ಪಡಿಸುವುದು ಹೇಗೆ?

ಮೊದಲು ಒಂದು ಸರಳ ಪ್ರಯೋಗ. ಸುಮಾರು 10 ಸೆಂ.ಮೀ. ನಾಭಿದೂರದ ಪೀನ ಮಸೂರವನ್ನು ದೊಡ್ಡ ಕಿಟಕಿಯಿಂದ ಒಂದು ಮೀಟರ್ ದೂರದಲ್ಲಿ ಹಿಡಿದು, ಸರಳುಗಳ ಪ್ರತಿಬಿಂಬವನ್ನು ಬಿಳಿ ಹಾಳೆಯ ಮೇಲೆ ಮೂಡಿಸಿ. ನಡುವೆ ಸ್ಪಷ್ಟವಾಗಿದ್ದಾಗ ಅಂಚು ಮಸುಕಾಗಿರುತ್ತದೆ. ಈಗ ಹಾಳೆಯ ಅಂಚುಗಳನ್ನು ಮಸೂರದ ಕಡೆಗೆ ಬಾಗಿಸಿ. ಅಂಚು ಸುಧಾರಿಸುತ್ತದೆ. ಅಂದರೆ ಪ್ರತಿಬಿಂಬವು ಸಮತಲದಲ್ಲಿ ಮೂಡದೆ ಬಟ್ಟಲಿನಂಥ ಬಾಗಿದ ಮೇಲ್ಮೈಯಲ್ಲಿ ಮೂಡುತ್ತದೆ. ಇದೇ ಕ್ಷೇತ್ರ ವಕ್ರತೆ.

ಇದರ ಪ್ರಮಾಣವೇನೂ ಅಲ್ಪವಲ್ಲ. ಇತರ ವಿಪಥನಗಳನ್ನು ಬದಿಗಿಟ್ಟರೆ, ತೆಳು ಮಸೂರವೊಂದರಲ್ಲಿ ಈ ಮೇಲ್ಮೈಯ ವಕ್ರತಾ ತ್ರಿಜ್ಯವು ನಾಭಿದೂರ ಮತ್ತು ವಕ್ರೀಭವನ ಸೂಚ್ಯಂಕಗಳ ಗುಣಲಬ್ಧಕ್ಕೆ ಸಮ. ನಾಭಿದೂರ 50 ಮಿ.ಮೀ., ಸೂಚ್ಯಂಕ 1.5 ಆದರೆ ತ್ರಿಜ್ಯ 75 ಮಿ.ಮೀ. 36×24 ಮಿ.ಮೀ. ಚೌಕಟ್ಟಿನ ಮೂಲೆ ಕೇಂದ್ರದಿಂದ 21.6 ಮಿ.ಮೀ. ದೂರದಲ್ಲಿದೆ. ಅಲ್ಲಿ ಪ್ರತಿಬಿಂಬವು ಸಂವೇದಕಕ್ಕಿಂತ ಸುಮಾರು 3 ಮಿ.ಮೀ. ಮುಂದೆಯೇ ಮೂಡುತ್ತದೆ! 1840ರಲ್ಲಿ ಯೋಸೆಫ್ ಪೆಟ್ಸ್‌ವಾಲ್ ರೂಪಿಸಿದ ಪ್ರಸಿದ್ಧ ಭಾವಚಿತ್ರ ಮಸೂರವೂ ನಡುವೆ ಅತಿ ಸ್ಪಷ್ಟ, ಅಂಚಿನಲ್ಲಿ ಮಸುಕು. ಇಂದಿನ ಮಸೂರಗಳಲ್ಲಿ ಪೀನ ಮತ್ತು ನಿಮ್ನ ಮಸೂರಗಳನ್ನು ಜೋಡಿಸಿ ಈ ವಕ್ರತೆಯನ್ನು ಬಹಳಷ್ಟು ತಗ್ಗಿಸಿರುತ್ತಾರೆ, ಪೂರ್ಣವಾಗಿ ಅಳಿಸಿರುವುದಿಲ್ಲ.

ಕ್ಷೇತ್ರ ವಕ್ರತೆಯೊಡನೆ ಕೋಮಾ, ಆಸ್ಟಿಗ್ಮ್ಯಾಟಿಸಮ್‌ಗಳೂ ಅಂಚನ್ನು ಕೆಡಿಸುತ್ತವೆ. ದ್ಯುತಿರಂಧ್ರವನ್ನು ಎಫ್/4ರಿಂದ ಎಫ್/8ಕ್ಕೆ ಕಿರಿದಾಗಿಸಿದರೆ ಅದರ ವ್ಯಾಸ ಅರ್ಧವಾಗುತ್ತದೆ. ಆಗ ಕೋಮಾದ ಮಸುಕು ಕಾಲು ಭಾಗಕ್ಕೂ, ಉಳಿದೆರಡರ ಮಸುಕು ಅರ್ಧಕ್ಕೂ ಇಳಿಯುತ್ತದೆ. ಆದ್ದರಿಂದ ರಂಧ್ರ ಕಿರಿದಾಗಿಸಿದಾಗ ನಾಲ್ಕೂ ಮೂಲೆಗಳು ಸಮನಾಗಿ ಸುಧಾರಿಸಿದರೆ ಅದು ವಿಪಥನ, ಮಸೂರ ಕೆಟ್ಟಿಲ್ಲ.

ಇನ್ನು ಪರೀಕ್ಷೆ. ಸಮತಟ್ಟಾದ ಗೋಡೆಗೆ ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿ, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ. ಹಾಳೆಗಳ ನಡುವೆ ಚಪ್ಪಟೆ ಕನ್ನಡಿಯೊಂದನ್ನು ಗೋಡೆಗೆ ಒತ್ತಿ ಇಡಿ. ಅದರಲ್ಲಿ ಮಸೂರದ ಪ್ರತಿಬಿಂಬವು ಚೌಕಟ್ಟಿನ ನಟ್ಟನಡುವೆ ಕಂಡರೆ ಕ್ಯಾಮೆರಾ ಗೋಡೆಗೆ ನೇರವಾಗಿದೆ ಎಂದರ್ಥ. ಕನ್ನಡಿ ತೆಗೆದು, ನಡುವಿನ ಅಕ್ಷರಗಳಿಗೆ ಫೋಕಸ್ ಮಾಡಿ, ಸೆಲ್ಫ್ ಟೈಮರ್ ಬಳಸಿ ಎಫ್/4, ಎಫ್/8 ಮತ್ತು ಎಫ್/11ರಲ್ಲಿ ಚಿತ್ರ ತೆಗೆಯಿರಿ. ಅನಂತರ ಮೂಲೆಗೇ ಫೋಕಸ್ ಮಾಡಿ ಇನ್ನೊಂದು ಚಿತ್ರ ತೆಗೆಯಿರಿ. ಈಗ ಮೂಲೆಗಳು ಸ್ಪಷ್ಟವಾಗಿ ನಡುಭಾಗ ಮಸುಕಾದರೆ ಅದು ಕ್ಷೇತ್ರ ವಕ್ರತೆ.

ಒಂದೇ ಬದಿ, ಉದಾಹರಣೆಗೆ ಗೋಡೆಯ ಎಡಭಾಗ, ಹೆಚ್ಚು ಮಸುಕಾಗಿದೆಯೆನ್ನಿ. ಆಗ ಕ್ಯಾಮೆರಾವನ್ನು ತಲೆಕೆಳಗಾಗಿಸಿ, ಕನ್ನಡಿಯಿಂದ ಸರಿಪಡಿಸಿ, ಮತ್ತೆ ಚಿತ್ರ ತೆಗೆಯಿರಿ. ಮಸುಕು ಗೋಡೆಯ ಎಡಭಾಗದಲ್ಲೇ ಉಳಿದರೆ ತಪ್ಪು ನಮ್ಮ ಏರ್ಪಾಡಿನದು. ಅದು ಬಲಭಾಗಕ್ಕೆ ಜರುಗಿದರೆ ದೋಷ ಉಪಕರಣದ್ದೇ. ಮಸೂರ ಬದಲಿಸಬಹುದಾದ ಕ್ಯಾಮೆರಾ ಆಗಿದ್ದರೆ ಬೇರೊಂದು ಮಸೂರ ಹಾಕಿ ನೋಡಿ. ಮಸುಕು ಮಾಯವಾದರೆ ಮೊದಲಿನ ಮಸೂರದ ಒಳಗಿನ ಗಾಜೊಂದು ವಾಲಿರಬೇಕು ಅಥವಾ ಅಕ್ಷದಿಂದ ಸರಿದಿರಬೇಕು. ಹಾಗೆಯೇ ಉಳಿದರೆ ಕ್ಯಾಮೆರಾವನ್ನೇ ಪರೀಕ್ಷಿಸಬೇಕು. ಮಸೂರವನ್ನು ಮನೆಯಲ್ಲಿ ಬಿಚ್ಚಬೇಡಿ. ಅದರ ಗಾಜುಗಳನ್ನು ಮತ್ತೆ ಒಂದೇ ಅಕ್ಷಕ್ಕೆ ತರಲು ವಿಶೇಷ ಸಾಧನಗಳು ಬೇಕು. ತೆಗೆದ ಚಿತ್ರಗಳನ್ನು ಗ್ಯಾರಂಟಿ ಅವಧಿಯೊಳಗೆ ದುರಸ್ತಿದಾರರಿಗೆ ತೋರಿಸಿ.

ವಿಪಥನವೇ ಕಾರಣವಾದರೆ ಎಫ್/8 ಅಥವಾ ಎಫ್/11 ಬಳಸಿದರೆ ಸಾಕು. ಎಫ್/22ಕ್ಕೆ ಹೋದರೆ ವಿವರ್ತನೆಯಿಂದ ಪ್ರತಿ ಬಿಂದುವೂ ಸುಮಾರು 0.03 ಮಿ.ಮೀ. ವ್ಯಾಸದ ಚುಕ್ಕೆಯಾಗಿ, ಇಡೀ ಚಿತ್ರವೇ ಮೆತ್ತಗಾಗುತ್ತದೆ. ಸಮೂಹ ಚಿತ್ರಕ್ಕೆ ಇನ್ನೊಂದು ಉಪಾಯವಿದೆ: ತುದಿಯವರು ಕ್ಯಾಮೆರಾದತ್ತ ತುಸು ಮುಂದೆ ಬರುವಂತೆ ಸಾಲನ್ನು ಬಾಗಿಸಿ. ಮಕ್ಕಳು ಅರ್ಧವೃತ್ತದಂತೆ ನಿಂತಾಗ, ನಮ್ಮ ಪ್ರಯೋಗದ ಬಾಗಿದ ಹಾಳೆ ಮಾಡಿದ ಕೆಲಸವನ್ನು ಅವರ ಸಾಲೇ ಮಾಡುತ್ತದೆ.