ಗರಡಿಯಾಚೆಯ ಬಾಳು

ಸೂರತ್ತಿನಲ್ಲಿ ತಾಪಿ ನದಿಯ ಪಶ್ಚಿಮ ದಡದ ಅಡಾಜಣ್ ಈಗ ವಿಸ್ತಾರವಾದ ಬಡಾವಣೆ. ಬೆಳಗಿನ ಜಾವ ನಮ್ಮವರ ಹೋಟೆಲುಗಳಲ್ಲಿ ಇಡ್ಲಿಯ ಹಬೆ ಏಳುವ ಹೊತ್ತಿಗೇ ಅಲ್ಲಿನ ವ್ಯಾಯಾಮಶಾಲೆಗಳ ಬಾಗಿಲೂ ತೆರೆಯುತ್ತದೆ. ತರುಣರೊಡನೆ ತರುಣಿಯರೂ ಭಾರವೆತ್ತಲು ಹೋಗುತ್ತಾರೆ. ನಮ್ಮ ಮನೆಯ ಮಗಳೊಬ್ಬಳು ತಾನೂ ಹೋಗುವೆನೆಂದಾಗ, "ಹೆಣ್ಣುಮಕ್ಕಳಿಗೆ ಇದೆಲ್ಲ ಏತಕ್ಕೆ? ನಾಳೆ ಇದರಿಂದ ಅನ್ನ ಹುಟ್ಟೀತೆ?" ಎಂಬ ಪ್ರಶ್ನೆ ಏಳುವುದುಂಟು. ಈ ಪ್ರಶ್ನೆಯ ಪೂರ್ವಾರ್ಧಕ್ಕೆ ಉತ್ತರ ಹೇಳುವ ಅಗತ್ಯ ನಮಗೆ ತೋರುವುದಿಲ್ಲ. ಉತ್ತರಾರ್ಧ ಮಾತ್ರ ವಿಚಾರಾರ್ಹವಾದುದು. ಅದಕ್ಕಾಗಿ ನಾವು ಬಹುದೂರ ಹೋಗಬೇಕಾಗಿಲ್ಲ. ವಡೋದರಾವರೆಗೆ ಹೋದರೆ ಸಾಕು.

ಅಂಗಸಾಧನೆಗೆ ವಡೋದರಾ ಹೆಸರಾದ ಊರು. ಅಲ್ಲಿನ ಜುಮ್ಮಾದಾದಾ ವ್ಯಾಯಾಮ ಮಂದಿರದಲ್ಲಿ ಪ್ರೊಫೆಸರ್ ಮಾಣಿಕರಾವ್ ಅನೇಕರನ್ನು ತಿದ್ದಿದರು. ಲೋಣಾವಳೆಯ ಯೋಗಾಶ್ರಮದ ಸ್ವಾಮಿ ಕುವಲಯಾನಂದರು ಅವರ ಶಿಷ್ಯರೇ. ಇಂಥ ಊರಿಗೆ 1954ರ ಮೇ ತಿಂಗಳಲ್ಲಿ ಅಲಿಗಢದಿಂದ ಒಬ್ಬ ಜಟ್ಟಿ ಬಂದಿಳಿದರು. ಹೆಸರು ಹಮೀದಾ ಬಾನು. ತನ್ನನ್ನು ಕುಸ್ತಿಯಲ್ಲಿ ಸೋಲಿಸಿದವನನ್ನು ವರಿಸುವೆನೆಂದು ಆಕೆ ಅದೇ ವರ್ಷ ಸಾರಿದ್ದರು. ನಮ್ಮ ಕರಾವಳಿಯ ಬಂಧುಗಳು ಯಕ್ಷಗಾನದ ಪ್ರಮೀಳೆಯನ್ನು ಕಂಡಿದ್ದಾರಲ್ಲವೆ? ಇಲ್ಲಿ ಪ್ರಮೀಳೆಯೇನೋ ಬಂದಿದ್ದಳು, ಅರ್ಜುನ ಮಾತ್ರ ಬರಲಿಲ್ಲ. ಪಾಟಿಯಾಲದ ಒಬ್ಬ, ಕಲ್ಕತ್ತೆಯ ಒಬ್ಬ, ಹೀಗೆ ಇಬ್ಬರು ಜಟ್ಟಿಗಳು ಆಗಲೇ ಸೋತಿದ್ದರು. ವಡೋದರಾದಲ್ಲಿ ಎದುರಾಗಬೇಕಿದ್ದ ಛೋಟೇ ಗಾಮಾ, ಹೆಂಗಸಿನೊಡನೆ ಸೆಣಸಲಾರೆನೆಂದು ಹಿಂದೆಗೆದ. ಅವನ ಸ್ಥಾನಕ್ಕೆ ಬಂದ ಬಾಬಾ ಪೈಲ್ವಾನ್ 1 ನಿಮಿಷ 34 ಸೆಕೆಂಡುಗಳಲ್ಲಿ ಮಣ್ಣು ಮುಕ್ಕಿದ.

ಆಕೆಯ ಎತ್ತರ 5 ಅಡಿ 3 ಅಂಗುಲ, ತೂಕ 108 ಕಿಲೋ. ದಿನಕ್ಕೆ 5.6 ಲೀಟರ್ ಹಾಲು, ಆರು ಮೊಟ್ಟೆ, ಒಂದು ಕೋಳಿ, ಕಿಲೋ ಸಮೀಪದ ಬಾದಾಮಿ ಆಕೆಯ ಆಹಾರವೆಂದು ಅಂದಿನ ಪತ್ರಿಕೆಗಳು ಬೆರಗಿನಿಂದ ಬರೆದವು. ಆರು ಗಂಟೆ ಸಾಧನೆ, ಒಂಬತ್ತು ಗಂಟೆ ನಿದ್ರೆ. ರಷ್ಯದ ವೇರಾ ಚಿಸ್ತಿಲಿನ್ ಎಂಬಾಕೆಯನ್ನು ಮುಂಬಯಿಯಲ್ಲಿ ಒಂದು ನಿಮಿಷದೊಳಗೆ ಸೋಲಿಸಿ, ಯುರೋಪಿಗೂ ಹೋಗುವುದಾಗಿ ಹೇಳಿದರು. ಆದರೆ ಗೆದ್ದವರಿಗೆಲ್ಲ ಹಾರವೇ ಬೀಳುವುದೆಂಬ ನಿಯಮವಿಲ್ಲ. ಗಂಡಸೊಬ್ಬನನ್ನು ಸೋಲಿಸಿದ ತಪ್ಪಿಗಾಗಿ ಒಮ್ಮೆ ಪ್ರೇಕ್ಷಕರು ಆಕೆಯ ಮೇಲೆ ಕಲ್ಲನ್ನೇ ಬೀರಿದರು.

ಯುರೋಪಿನ ಯಾತ್ರೆ ಕೈಗೂಡಲಿಲ್ಲ. ಅದನ್ನು ತಡೆಯಲು ಕುಸ್ತಿ ಕಲಿಸಿದವನೇ ಆಕೆಯ ಕೈಯನ್ನು ಮುರಿದನೆಂದು ಮೊಮ್ಮಗನ ಹೇಳಿಕೆ. ಪತ್ರಿಕೆಗಳಿಂದ ಹೆಸರು ಮಾಯವಾಯಿತು. ಮುಂಬಯಿಯ ಬಳಿಯ ಕಲ್ಯಾಣದಲ್ಲಿ ಆಕೆ ಹಾಲು ಮಾರಿದರು. ಕೈಯಲ್ಲಿ ಕಾಸಿಲ್ಲದಾಗ ಮನೆಯಲ್ಲಿ ಮಾಡಿದ ತಿಂಡಿಯನ್ನು ಬೀದಿಯಲ್ಲಿ ಮಾರಿದರು. 1986ರಲ್ಲಿ ತೀರಿಕೊಂಡರು. ತಿಂಡಿ ಮಾರಿ ಬಾಳುವುದರಲ್ಲಿ ಅಗೌರವವಿಲ್ಲವೆಂಬುದನ್ನು ನಮ್ಮ ಓದುಗರಿಗೆ ಯಾರೂ ಕಲಿಸಬೇಕಾಗಿಲ್ಲ. ದೇಶವೇ ಬೆರಗಾಗಿ ನೋಡಿದ ವಿದ್ಯೆಯೊಂದು ಕಲಿತವಳ ಮುಪ್ಪಿಗೆ ಆಸರೆಯಾಗಲಿಲ್ಲವಲ್ಲ ಎಂಬುದಷ್ಟೇ ನಮ್ಮ ವ್ಯಥೆ.

ಇದು ಅಂಗಸಾಧನೆಯ ದೋಷವೆ? ಅಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲೇ ಸಾಕ್ಷಿಯಿದೆ. ಕೋಲಾರ ಸೀಮೆಯಲ್ಲಿ ಹುಟ್ಟಿದ ಕೆ. ವಿ. ಅಯ್ಯರವರು ದೇಹದಾರ್ಢ್ಯದಲ್ಲಿ ಅಗ್ರಗಣ್ಯರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ಕಟ್ಟಿ ನೂರಾರು ತರುಣರನ್ನು ತಿದ್ದಿದರು. ದೂರದವರಿಗೆ ಅಂಚೆಯ ಮೂಲಕವೂ ಪಾಠ ಕಳುಹಿಸಿದರು. ಮೈಸೂರಿನ ಅರಮನೆಯ ಆಶ್ರಯವನ್ನೂ ಪಡೆದರು. ಕಬ್ಬಿಣದ ಗುಂಡಿನ ಜೊತೆಗೆ ಸೂರ್ಯನಮಸ್ಕಾರವನ್ನೂ ಕಲಿಸಿದವರು ಅವರು. ಅದೇ ಕೈ ಲೇಖನಿಯನ್ನೂ ಹಿಡಿಯಿತು. ಹೊಯ್ಸಳರ ನಾಟ್ಯರಾಣಿಯನ್ನು ಕುರಿತ 'ಶಾಂತಲಾ' ಮತ್ತು 'ರೂಪದರ್ಶಿ' ಕಾದಂಬರಿಗಳನ್ನು ಕನ್ನಡಿಗರು ಮರೆತಿಲ್ಲ. ಕೈಲಾಸಂ ಅವರ ಆಪ್ತಸ್ನೇಹ, ನಾಟಕದ ಒಲವು ಬೇರೆ. 1980ರಲ್ಲಿ ಅವರು ಕಣ್ಮುಚ್ಚಿದಾಗ ಶಿಷ್ಯರೂ ಪುಸ್ತಕಗಳೂ ಉಳಿದಿದ್ದುವು.

ಒಬ್ಬರಿಗೆ ಗುರುಪೀಠ, ಇನ್ನೊಬ್ಬರಿಗೆ ಹಾಲಿನ ಪಾತ್ರೆ. ಶ್ರಮದಲ್ಲಿ ಇಬ್ಬರೂ ಕಡಮೆಯವರಲ್ಲ. ಅಯ್ಯರವರು ತಮ್ಮ ವಿದ್ಯೆಗೆ ತಾವೇ ಒಡೆಯರಾಗಿದ್ದರು. ಕಲಿಸಲು ಸ್ವಂತ ಶಾಲೆಯಿತ್ತು, ಗೌರವಿಸಲು ಜನರಿದ್ದರು. ಹಮೀದಾ ಬಾನು ಅಖಾಡದಲ್ಲಿ ಎಲ್ಲರನ್ನೂ ಕೆಡವಿದರೂ ಅದರಾಚೆಯ ಬಾಗಿಲುಗಳು ಮುಚ್ಚಿದ್ದುವು. ಒಲಿಂಪಿಕ್ಸ್ ಕ್ರೀಡೆಗಳಲ್ಲಿ ಸ್ತ್ರೀಯರ ಕುಸ್ತಿಗೆ ಸ್ಥಾನ ದೊರೆತದ್ದೇ 2004ರಲ್ಲಿ. 2016ರಲ್ಲಿ ಹರಿಯಾಣದ ಸಾಕ್ಷಿ ಮಲಿಕ್ ಅದರಲ್ಲಿ ಕಂಚಿನ ಪದಕ ಗೆದ್ದಾಗ, ಹಮೀದಾ ಬಾನು ತೀರಿಕೊಂಡು 30 ವರ್ಷ ಸಂದಿತ್ತು.

ಆದುದರಿಂದ "ಅನ್ನ ಹುಟ್ಟೀತೆ?" ಎಂದು ಕೇಳುವ ತಂದೆತಾಯಿಗಳಿಗೆ ನಮ್ಮ ಉತ್ತರವಿದು: ತೋಳಿನ ಬಲವೊಂದರಿಂದಲೇ ಹುಟ್ಟಲಾರದು; ಬಲದ ಜೊತೆಗೆ ಕಲಿಸುವ ವಿದ್ಯೆಯೂ ಸ್ವಾತಂತ್ರ್ಯವೂ ಕೂಡಿದರೆ ಹುಟ್ಟೀತು. ಪಾಟಿಯಾಲದಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತುದಾರರ ಶಿಕ್ಷಣವುಂಟು. ಮಗಳು ಭಾರವೆತ್ತಲಿ, ಎತ್ತುವುದನ್ನು ಇತರರಿಗೆ ಕಲಿಸುವ ಅರ್ಹತೆಯನ್ನೂ ಗಳಿಸಲಿ. ಹಾಡೋ ಚಿತ್ರವೋ ಬರೆಹವೋ, ಮನಸ್ಸೊಪ್ಪಿದ ಕಲೆಯೊಂದು ಜೊತೆಗಿರಲಿ. ದುಡಿದ ಹಣ ಅವಳ ಹೆಸರಿನಲ್ಲೇ ಇರಲಿ; ಎಲ್ಲಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬ ನಿರ್ಧಾರವೂ ಅವಳದೇ ಆಗಿರಲಿ. ಮೈಯ ಕಸುವು ಮೂವತ್ತು ನಲವತ್ತು ವರ್ಷಗಳ ಮಾತು. ಕಲಿಸುವ ಕಸುವಾದರೋ ನರೆ ಬಂದ ಮೇಲೂ ಕೈಬಿಡದು.